ಬಾಳೆಹಣ್ಣಿನ ವಾಸನೆಯ ಎಸ್ಟರ್: ನೀರನ್ನು ಹೊರಗೆ ಹಾಕಿದ ಮೇಲೆ

ಬೆಳಗಾವಿಯ ನಮ್ಮ ಕಾಲೇಜು ಲ್ಯಾಬಿನಲ್ಲಿ ಎಂ.ಎಸ್‌ಸಿ. ಹುಡುಗರಿಂದ ಬಾಳೆಹಣ್ಣಿನ ವಾಸನೆಯ ಎಸ್ಟರ್, ಅಂದರೆ ಐಸೊಅಮೈಲ್ ಅಸಿಟೇಟ್ ಮಾಡಿಸುತ್ತೇನೆ. ಇದಕ್ಕೆ ಬೇಕಾದ ಐಸೊಅಮೈಲ್ ಆಲ್ಕೊಹಾಲ್ ನಮ್ಮ ಸೀಮೆಗೆ ಹೊಸದಲ್ಲ. ಕಾಕಂಬಿಯಿಂದ ಸ್ಪಿರಿಟ್ ತೆಗೆಯುವಾಗ ಬರುವ ಫ್ಯೂಸೆಲ್ ಎಣ್ಣೆಯಲ್ಲಿ ಜಾಸ್ತಿ ಇರುವುದು ಅದೇ.

ಈ ಆಲ್ಕೊಹಾಲ್ ಅಸಿಟಿಕ್ ಆಮ್ಲದ ಜೊತೆ ಸೇರಿ ಎಸ್ಟರ್ ಮತ್ತು ನೀರು ಆಗುತ್ತದೆ, ಆದರೆ ಆ ನೀರೇ ಎಸ್ಟರನ್ನು ಮತ್ತೆ ಒಡೆಯುತ್ತದೆ. ಹಾಗಾಗಿ ಆಮ್ಲ, ಆಲ್ಕೊಹಾಲ್ ಸಮ ಮೋಲ್ (ಅಣುಗಳ ಎಣಿಕೆಯಲ್ಲಿ ಸಮ) ಹಾಕಿದರೆ ಎಷ್ಟು ಹೊತ್ತು ಕುದಿಸಿದರೂ ಕ್ರಿಯೆ ಮೂರರಲ್ಲಿ ಎರಡು ಪಾಲಿಗೆ ನಿಲ್ಲುತ್ತದೆ. ಆಮ್ಲ ಎರಡು ಪಟ್ಟಾದರೆ 85%ರ ಹತ್ತಿರ. ಉಳಿದ ಆಲ್ಕೊಹಾಲೇ ತಲೆನೋವು. ಅದು ಕುದಿಯುವುದು 131 ಡಿಗ್ರಿಗೆ, ಎಸ್ಟರ್ 142ಕ್ಕೆ. ಸಾದಾ ಡಿಸ್ಟಿಲೇಶನ್‌ನಲ್ಲಿ ಇವೆರಡು ಸರಿಯಾಗಿ ಬೇರೆಯಾಗುವುದಿಲ್ಲ. ಮಿಕ್ಕ ಆಮ್ಲವಾದರೆ ಸೋಡಿಯಂ ಬೈಕಾರ್ಬೊನೇಟ್ ನೀರಿನಲ್ಲಿ ತೊಳೆದು ಹೋಗುತ್ತದೆ. ಹಾಗಾಗಿ ಆಮ್ಲವನ್ನೇ ಒಂದೂವರೆ ಪಟ್ಟು ಹಾಕಿ, ಹುಟ್ಟುವ ನೀರನ್ನು ಡೀನ್-ಸ್ಟಾರ್ಕ್‌ನಿಂದ ತೆಗೆಯುತ್ತೇನೆ. ಅದು, ಆವಿ ತಣಿದು ಬಂದ ದ್ರವದಿಂದ ನೀರನ್ನು ತಳದಲ್ಲಿ ಹಿಡಿದಿಟ್ಟುಕೊಳ್ಳುವ ಗಾಜಿನ ಟ್ರ್ಯಾಪ್.

ಆಲ್ಕೊಹಾಲ್ 22 ಮಿ.ಲೀ., ಗ್ಲೇಶಿಯಲ್ (ನೀರಿಲ್ಲದ) ಅಸಿಟಿಕ್ ಆಮ್ಲ 17 ಮಿ.ಲೀ., ನೀರನ್ನು ಆವಿಯಾಗಿ ಹೊತ್ತು ತರಲು ಸೈಕ್ಲೊಹೆಕ್ಸೇನ್ 40 ಮಿ.ಲೀ., ಕ್ರಿಯೆಗೆ ವೇಗ ಕೊಡಲು ಅರ್ಧ ಗ್ರಾಂ ಪಿ-ಟೊಲ್ಯೂನ್ ಸಲ್ಫೋನಿಕ್ ಆಮ್ಲ. ಗಂಧಕಾಮ್ಲವೂ ನಡೆಯುತ್ತದೆ, ಆದರೆ ಅದರಿಂದ ಮಿಶ್ರಣ ಕಪ್ಪಾಗುತ್ತದೆ. ಟ್ರ್ಯಾಪಿಗೂ ಮೊದಲೇ ಸೈಕ್ಲೊಹೆಕ್ಸೇನ್ ತುಂಬಿಸಿ, ವಿದ್ಯುತ್ ಮ್ಯಾಂಟಲ್ ಮೇಲೆ ಕುದಿಸಬೇಕು. ಬೆಂಕಿ ಹತ್ತಿರ ಬೇಡವೇ ಬೇಡ.

ಮೊದಲು ಟ್ರ್ಯಾಪಿನ ದ್ರವ ಮಬ್ಬಾಗುತ್ತದೆ. ಆಮೇಲೆ ಸಣ್ಣ ಹನಿಗಳು ಗಾಜಿಗೆ ಅಂಟಿಕೊಂಡು ನಿಂತು, ಒಂದಕ್ಕೊಂದು ಸೇರಿ ತಳಕ್ಕೆ ಜಾರುತ್ತವೆ. ಅಂಟಿದ್ದನ್ನು ಬೆರಳಿನಿಂದ ತಟ್ಟಿ ಇಳಿಸಿ. ಲೆಕ್ಕಕ್ಕೆ 3.6 ಮಿ.ಲೀ. ನೀರು. ಅಷ್ಟು ಬಂದ ಕೂಡಲೇ "ಸರ, ಸಾಕೇನ್ರಿ?" ಅಂತ ಕೇಳುತ್ತಾರೆ. ಸಾಲದು. ನೀರಿನ ಜೊತೆ ಸ್ವಲ್ಪ ಅಸಿಟಿಕ್ ಆಮ್ಲವೂ ಬರುವುದರಿಂದ ಅಂಕಿ ನಂಬುವಂತಿಲ್ಲ. ಮೇಲಿನ ಪದರ ತಿಳಿಯಾಗಿ, ಅರ್ಧ ಗಂಟೆ ಹೊಸ ಹನಿ ಬೀಳದಿದ್ದರೆ ಮಾತ್ರ ನಿಲ್ಲಿಸುತ್ತೇನೆ.

ತಣಿದ ಮೇಲೆ ಸಪರೇಟಿಂಗ್ ಫನಲ್ಲಿಗೆ ಹಾಕಿ ತೊಳೆಯಬೇಕು: ಮೊದಲು ನೀರು, ಆಮೇಲೆ 5% ಸೋಡಿಯಂ ಬೈಕಾರ್ಬೊನೇಟ್, ಕೊನೆಗೆ ಉಪ್ಪುನೀರು. ಎಸ್ಟರ್ ಮೇಲಿನ ಪದರ. ಬೈಕಾರ್ಬೊನೇಟ್ ಹಾಕಿದಾಗ ಗ್ಯಾಸ್ ಜೋರಾಗಿ ಬರುತ್ತದೆ. ಮೊದಲು ಮುಚ್ಚಳವಿಲ್ಲದೆ ಅಲ್ಲಾಡಿಸಿ, ನಂತರ ಪದೇಪದೇ ಕಾಕ್ ತೆರೆಯಿರಿ. ಆಮ್ಲ ಉಳಿದರೆ ಡಿಸ್ಟಿಲ್ ಮಾಡುವಾಗ ಎಸ್ಟರ್ ಮತ್ತೆ ಒಡೆಯಬಹುದು. ಲಿಟ್ಮಸ್ ಹಚ್ಚಿ ನೋಡದೆ ಮುಂದೆ ಹೋಗಬೇಡಿ. ಒಣಗಿಸಲು ನಿರ್ಜಲ ಸೋಡಿಯಂ ಸಲ್ಫೇಟ್. ಅದು ಗಂಟು ಕಟ್ಟದೆ ಸಡಿಲವಾಗಿ ಉರುಳಾಡುವವರೆಗೆ ಹಾಕಿ, ಸೋಸಿಬಿಡಿ.

ಡಿಸ್ಟಿಲ್ ಮಾಡುವಾಗ ಪುಸ್ತಕದ 142 ಡಿಗ್ರಿಗೆ ಕಾಯಬೇಡಿ. ಬೆಳಗಾವಿ ಸಮುದ್ರ ಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ. ಸೈಕ್ಲೊಹೆಕ್ಸೇನ್ ಹೋದ ಮೇಲೆ ಇಲ್ಲಿ ಎಸ್ಟರ್ 138-139ರ ಆಸುಪಾಸಿನಲ್ಲೇ ಬರುತ್ತದೆ. ಅದಕ್ಕಿಂತ ಮೊದಲು ಬರುವುದನ್ನು ಬೇರೆ ಫ್ಲಾಸ್ಕಿಗೆ ಹಿಡಿಯಿರಿ. ಐಆರ್‌ನಲ್ಲಿ (ಅತಿಗೆಂಪು ಬೆಳಕಿನ ಪರೀಕ್ಷೆಯಲ್ಲಿ) ಎಸ್ಟರಿನ 1740 cm⁻¹ ಗೆರೆ ಚೂಪಾಗಿದ್ದು, ಆಲ್ಕೊಹಾಲಿನ 3400ರ ಅಗಲದ ಉಬ್ಬು ಕಾಣದಿದ್ದರೆ ಆಲ್ಕೊಹಾಲ್ ಹೋಗಿದೆ ಅಂತ ಧೈರ್ಯವಾಗಿ ಬಾಟಲಿಗೆ ಹಾಕಬಹುದು.