ಟಿಪ್ಪಣಿ ಹಾಳೆಯಲ್ಲಿ ಒಂದು ಸಾಲು

ನಮ್ಮ ವಿಶ್ವವಿದ್ಯಾಲಯದ ಬೋಧಕೇತರ ನೌಕರರ ಸಂಘಕ್ಕೆ ಕಾರ್ಯದರ್ಶಿಯಾದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ವಿಶ್ವವಿದ್ಯಾಲಯದ ತೀರ್ಮಾನಗಳನ್ನು ಮಾಡುವ ಮಂಡಳಿಯಾದ ಸಿಂಡಿಕೇಟಿನಲ್ಲಿ ನಮಗೂ ಒಂದು ಕುರ್ಚಿ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ ಬಿಡಿಸಿ ನೋಡಿದರೆ ಅಲ್ಲಿ ಡೀನರಿದ್ದಾರೆ, ಪ್ರಾಂಶುಪಾಲರಿದ್ದಾರೆ, ಸರ್ಕಾರದ ನಾಮನಿರ್ದೇಶಿತರಿದ್ದಾರೆ. ಕಡತ ಕಟ್ಟುವವರಿಗೆ ಜಾಗವಿಲ್ಲ. ಪಕ್ಕದ ಕೇರಳ ವಿಶ್ವವಿದ್ಯಾಲಯದಲ್ಲಿ ಬೋಧಕೇತರರೂ ವಿಶ್ವವಿದ್ಯಾಲಯದ ಮಹಾಸಭೆಯಾದ ಸೆನೆಟ್‌ಗೆ ತಮ್ಮವರನ್ನು ಆರಿಸಿ ಕಳಿಸುತ್ತಾರೆ. ಅದನ್ನೇ ಹೇಳಿಕೊಂಡು ಎರಡು ವರ್ಷ ಮನವಿ ಕೊಟ್ಟೆವು. ಕೊಟ್ಟಾಗಲೆಲ್ಲ ಫೋಟೊ ಬಂತು, ಕುರ್ಚಿ ಬರಲಿಲ್ಲ. ಕಾಯ್ದೆ ತಿದ್ದಬೇಕಾದದ್ದು ವಿಧಾನಸೌಧದಲ್ಲಿ. ಮನವಿ ಹಿಡಿದು ಕುಲಪತಿಗಳ ಬಾಗಿಲಲ್ಲಿ ನಿಂತಾಗಲೂ ನನಗೆ ಅದು ಗೊತ್ತಿತ್ತು.

ಆಮೇಲೊಂದು ಸಲ, ಪರೀಕ್ಷಾ ವಿಭಾಗದ ಕೆಲಸದ ವೇಳೆ ನಿಗದಿ ಮಾಡುವ ಸಮಿತಿಗೆ ನನ್ನನ್ನು ‘ವಿಶೇಷ ಆಹ್ವಾನಿತ’ ಎಂದು ಕರೆದರು. ಹಿಗ್ಗಿ ಹೋದೆ. ಹಾಜರಿಗೆ ಸಹಿ ಹಾಕಿಸಿಕೊಂಡರು, ಚಹಾ ಬಂತು, ಗೋಡಂಬಿ ಬಿಸ್ಕತ್ತು ಬಂತು. ಮಾತಾಡೋಣ ಎಂದುಕೊಳ್ಳುವಷ್ಟರಲ್ಲಿ ಸಭೆ ಮುಗಿದಿತ್ತು. ವಾರದ ಮೇಲೆ ಸಭೆಯ ನಡಾವಳಿ (ತೀರ್ಮಾನಗಳ ದಾಖಲೆ) ಕೈಗೆ ಬಂದಾಗ ಓದುತ್ತೇನೆ: ಫಲಿತಾಂಶದ ಅವಧಿಯಲ್ಲಿ ರಾತ್ರಿ ಎಂಟರವರೆಗೆ ಕೆಲಸ, ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’. ಹಾಜರಿದ್ದವರ ಪಟ್ಟಿಯಲ್ಲಿ ಏಳನೆಯ ಹೆಸರು ನನ್ನದು.

ಮರುದಿನ ಬೆಳಿಗ್ಗೆ ಅಂಕಪಟ್ಟಿ ಶಾಖೆಯ ಮೇಡಂ ಒಬ್ಬರು ಅದರ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟರು. “ಏನ್ ಸಾರ್, ನೀವೇ ಒಪ್ಕೊಂಡು ಬಂದಿದೀರಂತೆ? ಕ್ಯಾಂಪಸ್ಸಿಂದ ಕೊನೇ ಬಸ್ಸು ಏಳೂ ಮುಕ್ಕಾಲಿಗೆ. ಎಂಟಕ್ಕೆ ಬಿಟ್ರೆ ನಾವು ಮನೆಗೆ ಹೆಂಗ್ ಹೋಗ್ಬೇಕು?” ನನ್ನ ಹತ್ತಿರ ಉತ್ತರವಿರಲಿಲ್ಲ. ಬಸ್ಸಿನ ವೇಳೆಯೇ ನನಗೆ ಗೊತ್ತಿರಲಿಲ್ಲ. ನಾನು ಬೈಕಿನಲ್ಲಿ ಓಡಾಡುವವನು.

ದಾರಿ ತೋರಿಸಿದವರು ಆಡಳಿತ ಶಾಖೆಯ ಹಳೆಯ ವಿಷಯ ನಿರ್ವಾಹಕರು, ಅಂದರೆ ಕಡತದಲ್ಲಿ ಮೊದಲ ಟಿಪ್ಪಣಿ ಬರೆಯುವ ಗುಮಾಸ್ತರು. “ಸಭೆಗೆ ಬರೋ ಹೊತ್ತಿಗೆ ಎಲ್ಲಾ ಬರೆದಾಗಿರುತ್ತೆ ಮಾರಾಯ್ರೆ. ಫೈಲು ನನ್ನ ಟೇಬಲ್ ಮೇಲಿರುವಾಗ ಒಂದು ಪತ್ರ ಕೊಡಿ. ಪುಟ ಸಂಖ್ಯೆ ಬಿದ್ದ ಮೇಲೆ ಅದನ್ನ ಕೀಳೋ ಧೈರ್ಯ ಯಾರಿಗೂ ಇರಲ್ಲ.”

ಹಾಗೇ ಮಾಡಿದೆ. ಶಾಖೆಯ ಹನ್ನೆರಡು ಮಹಿಳೆಯರು ಯಾವ ಬಸ್ಸಿಗೆ, ಯಾವ ಊರಿಗೆ ಹೋಗುತ್ತಾರೆ ಎಂದು ಒಂದೇ ಪುಟದಲ್ಲಿ ಪಟ್ಟಿ ಮಾಡಿ, ಟಪಾಲು ಶಾಖೆಯಲ್ಲಿ ಸ್ವೀಕೃತಿ ಮೊಹರು ಹಾಕಿಸಿಕೊಂಡೆ. ವಿಷಯ ನಿರ್ವಾಹಕರು ಕಡತದ ಟಿಪ್ಪಣಿ ಹಾಳೆಯಲ್ಲಿ, ಅಂದರೆ ಅಧಿಕಾರಿಗಳು ಒಬ್ಬರ ಕೆಳಗೊಬ್ಬರು ಅಭಿಪ್ರಾಯ ಬರೆಯುವ ಹಾಳೆಯಲ್ಲಿ, ಒಂದೇ ಸಾಲು ಬರೆದರು: ‘ಸಂಘದ ಅಭಿಪ್ರಾಯವು ಪುಟ 23ರಲ್ಲಿದ್ದು, ಅವಗಾಹಿಸಬಹುದಾಗಿದೆ.’ ‘ನೋಡಬಹುದು’ ಎಂದಷ್ಟೇ. ಆದರೆ ಆ ಸಾಲಿನ ಕೆಳಗೆ ಸಹಾಯಕ ಕುಲಸಚಿವರು ಏನಾದರೂ ಬರೆಯಲೇಬೇಕಾಯಿತು, ಅವರ ಮೇಲಿನವರೂ ಬರೆಯಬೇಕಾಯಿತು. ಸುಮ್ಮನೆ ಸಹಿ ಹಾಕಿದರೆ ನಾಳೆ ಮಾಹಿತಿ ಹಕ್ಕಿನಲ್ಲಿ ಪ್ರತಿ ಹೊರಗೆ ಬರುತ್ತದೆಂಬುದು ಎಲ್ಲರಿಗೂ ಗೊತ್ತು. ಎಂಟು ಗಂಟೆ ಏಳಾಯಿತು. ಭಾನುವಾರದ ಕೆಲಸಕ್ಕೆ ಪರಿಹಾರ ರಜೆಯನ್ನೂ ಸೇರಿಸಿದರು.

ಅಲ್ಲಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ಸಮಿತಿಗೆ ಕರೆದರೆ ಕಾರ್ಯಸೂಚಿ ಮೊದಲು ಕಳಿಸಿ ಎಂದು ಕೇಳುತ್ತಿದ್ದೆ. ಒಪ್ಪದ ವಿಷಯವಿದ್ದರೆ ಅದೇ ಸಂಜೆ ಭಿನ್ನಾಭಿಪ್ರಾಯದ ಪತ್ರ. ಮುಂದಿನ ಸಭೆಯ ಮೊದಲ ವಿಷಯ ಹಿಂದಿನ ನಡಾವಳಿಯ ದೃಢೀಕರಣ. ಎಲ್ಲರೂ ಫೋನು ನೋಡುತ್ತಾ ಕೂತಿರುವ ಹೊತ್ತದು, ತಿದ್ದುಪಡಿ ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಜೊತೆಗೆ ನಿಯಮದಲ್ಲೇ ನಮಗಿರುವ ಜಾಗಗಳನ್ನು ಹುಡುಕಿದೆವು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮಾವಳಿಯಂತೆ ಲೈಂಗಿಕ ಕಿರುಕುಳದ ಆಂತರಿಕ ದೂರು ಸಮಿತಿಯಲ್ಲಿ ಇಬ್ಬರು ಬೋಧಕೇತರರು ಇರಬೇಕು. ನಮ್ಮಲ್ಲಿ ಒಂದು ಸ್ಥಾನ ಖಾಲಿಯಿತ್ತು, ಯಾರೂ ಕೇಳಿರಲಿಲ್ಲ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಸಲ್ಲಿಸುವ ವರದಿಯಲ್ಲಿ ಮಾತ್ರ ‘ಸಹಭಾಗಿತ್ವದ ಆಡಳಿತ’ ಎಂದು ಪ್ಯಾರಾಗಟ್ಟಲೆ ಇತ್ತು. ಅದನ್ನು ಟೈಪ್ ಮಾಡಿದವನೂ ನಾನೇ ಅನ್ನಿ.

ಸೋತದ್ದು ನಮ್ಮವರ ನಡುವೆಯೇ. ನನ್ನ ಶಾಖೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊರಗುತ್ತಿಗೆಯವರು. ಸಂಘದ ಬೈಲಾ ಪ್ರಕಾರ ಕಾಯಂ ನೌಕರರಿಗಷ್ಟೇ ಸದಸ್ಯತ್ವ. ಪುಟ 23ರ ಆ ಹನ್ನೆರಡು ಮಂದಿಯಲ್ಲಿ ಏಳು ಜನ ಡಾಟಾ ಎಂಟ್ರಿಯ ಹುಡುಗಿಯರು, ಅವರಿಗೆ ಸಂಘದಲ್ಲಿ ಮತವಿಲ್ಲ. ಅವರನ್ನೂ ಸೇರಿಸಿಕೊಳ್ಳೋಣ ಎಂದು ಸರ್ವಸದಸ್ಯರ ಸಭೆಯಲ್ಲಿ ಬೈಲಾ ತಿದ್ದುಪಡಿ ಮಂಡಿಸಿದೆ. ತುಂಬಿದ ಸಭಾಂಗಣದಲ್ಲಿ ಕೈ ಎತ್ತಿದವರು ಹನ್ನೊಂದು ಜನ. ಬಸ್ಸಿನ ವಿಷಯಕ್ಕೆ ನನ್ನನ್ನು ಬೈದ ಆ ಮೇಡಂ ಮುಂದಿನ ಸಾಲಿನಲ್ಲೇ ಇದ್ದರು. ಅವರು ಕೈ ಎತ್ತಲಿಲ್ಲ.