ಐವತ್ತೆರಡು ದಿನದ ಲೆಕ್ಕ: ನಮ್ಮ ಮನೆಶಾಲೆಯ ಮೊದಲ ವರ್ಷಗಳು

ಮಗಳ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಹತ್ತನೇ ತರಗತಿಯ ಫಲಿತಾಂಶ ಬಂತು. ಐದೂ ವಿಷಯ ಒಂದೇ ಸಲಕ್ಕೆ ಪಾಸು, ಒಟ್ಟು ಶೇಕಡಾ 80ರ ಆಸುಪಾಸು, ಕನ್ನಡದಲ್ಲಿ 90 ದಾಟಿದ್ದಾಳೆ. ಆರು ವರ್ಷದ ಹಿಂದೆ, ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಲು ಹೊರಟಾಗ, ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು, "ಮಕ್ಕಳ ಬದುಕಿನ ಜೊತೆ ಆಟ ಆಡುತ್ತಿದ್ದೀಯಮ್ಮ" ಎಂದಿದ್ದರು. ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಅವರೇ ಮೊಮ್ಮಗನ ಕೈ ಹಿಡಿದು ಬಂದು, "ಇವನಿಗೂ ಸ್ವಲ್ಪ ದಾರಿ ತೋರಿಸಮ್ಮ" ಎಂದರು. ಅದಕ್ಕೇ ಬರೆಯಲು ಕುಳಿತೆ. ಮನೆಶಾಲೆ ಎಂದರೇನು, ನೋಂದಣಿ ಹೇಗೆ ಎಂಬುದೆಲ್ಲ ನಿಮಗೆ ಗೊತ್ತಿರುತ್ತದೆ. ನಾನು ಹೇಳಹೊರಟಿದ್ದು ಮೊದಲ ಎರಡು ವರ್ಷದ ಮಾತು. ಬಹಳ ಮಂದಿ ಕೈಬಿಡುವುದು ಅಲ್ಲಿಯೇ.

ನಮ್ಮ ಮನೆ ಕೊಡಗಿನ ಸಿದ್ದಾಪುರದ ಆಚೆ, ಕಾಫಿ ತೋಟದೊಳಗೆ. ಯಜಮಾನರು ಅದೇ ತೋಟದ ರೈಟರ್, ಅಂದರೆ ಕೆಲಸ, ಲೆಕ್ಕ ನೋಡಿಕೊಳ್ಳುವವರು. ಶಾಲೆಯ ವ್ಯಾನು ನಿಲ್ಲುವಲ್ಲಿಗೆ ಎರಡು ಕಿಲೋಮೀಟರ್ ನಡಿಗೆ. ಆನೆ ಇಳಿದಿದೆ ಎಂದು ಫೋನು ಬಂದ ದಿನ ಅದೂ ಇಲ್ಲ. ಆದರೆ ಆನೆಗೆ ಹೆದರಿ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಂಡವರಲ್ಲ ನಾವು. ಅವರ ದಿನ ಸತ್ಯವೇದದಿಂದ (ಬೈಬಲ್) ಶುರುವಾಗಬೇಕು, ಪಾಠವೂ ಪ್ರಾರ್ಥನೆಯೂ ಒಂದೇ ಮೇಜಿನ ಮೇಲೆ ನಡೆಯಬೇಕು ಎಂಬ ಆಸೆ ನಮ್ಮಿಬ್ಬರದ್ದು.

ಮೊದಲು ಸೋತದ್ದು ದುಡ್ಡಿನಲ್ಲಿ. ಕ್ರೈಸ್ತ ಮನೆಶಾಲೆಗೆಂದೇ ಮಾಡಿದ ವಿದೇಶಿ ಪಠ್ಯದ ಪೆಟ್ಟಿಗೆಯೊಂದನ್ನು ತರಿಸಿದೆವು, ಸುಮಾರು 38 ಸಾವಿರ. ಯಜಮಾನರ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ಬಣ್ಣ, ಕಾಗದ ಎಲ್ಲ ಚೆನ್ನಾಗಿತ್ತು. ಆದರೆ ಲೆಕ್ಕದ ತುಂಬ ಡಾಲರು, ಪದ್ಯದ ತುಂಬ ಹಿಮ. ಆಗ ಆರು ವರ್ಷದವನಾಗಿದ್ದ ಮಗ ಒಂದೊಂದು ಸಾಲಿಗೂ ನನ್ನ ಮುಖ ನೋಡುತ್ತಿದ್ದ. ಜುಲೈ ಹೊತ್ತಿಗೆ ಹಾಳೆಗಳಿಗೆ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡವು. ಉಳಿದ ಪುಸ್ತಕಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಕಾಪಾಡಿ, ಮೈಸೂರಿನ ಒಂದು ಕುಟುಂಬಕ್ಕೆ 9 ಸಾವಿರಕ್ಕೆ ಕೊಟ್ಟೆ.

ಎರಡನೆಯ ತಪ್ಪು ನನ್ನದೇ. ಮನೆಯನ್ನು ಶಾಲೆ ಮಾಡಹೊರಟೆ. ಗಂಟೆ, ಬೋರ್ಡು, ನಲವತ್ತು ನಿಮಿಷಕ್ಕೊಂದು ವಿಷಯ. ವಿಡಿಯೊ ಪಾಠಕ್ಕೆ ಚಂದಾ ಕಟ್ಟಿದ್ದೆ. ಕರೆಂಟು ಹೋದ ಎರಡು ಗಂಟೆಗೆ ಯುಪಿಎಸ್ ಸುಮ್ಮನಾಗುತ್ತಿತ್ತು, ಅದರ ಹಿಂದೆಯೇ ಮೊಬೈಲ್ ಟವರೂ. ಹತ್ತೊಂಬತ್ತನೆಯ ದಿನ ಮಗಳು ಪೆನ್ಸಿಲ್ ಎಸೆದಳು, ನಾನು ಹೊಡೆಯಲು ಕೈ ಎತ್ತಿದೆ, ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ. "ವ್ಯಾನಿಗೆ ಹಾಕಿಬಿಡು ಮಗಳೇ, ನಿನ್ನ ಜೀವ ಉಳಿಯಲಿ" ಎಂದರು ನಮ್ಮ ಅತ್ತೆಯವರು. ಕೋಪದಲ್ಲಿ ಹೇಳಿದ್ದಲ್ಲ, ಕನಿಕರದಲ್ಲಿ. ಅದೇ ಹೆಚ್ಚು ನೋಯಿಸಿತು.

ಅಂದು ಸಂಜೆ ನಾವು ಓದಬೇಕಿದ್ದದ್ದು ಸತ್ಯವೇದದಲ್ಲಿ ನೆಹೆಮೀಯನ ಪುಸ್ತಕ, ಬಿದ್ದ ಗೋಡೆಯನ್ನು ಮತ್ತೆ ಕಟ್ಟಿಸಿದವನ ಕಥೆ. ಯೆರೂಸಲೇಮಿನ ಗೋಡೆ ಐವತ್ತೆರಡು ದಿನಗಳಲ್ಲಿ ಮುಗಿಯಿತು, ಹಾಸ್ಯ ಮಾಡುವವರು ಸುತ್ತ ನಿಂತಿರುವಾಗಲೇ. ನನ್ನ ಐವತ್ತೆರಡು ದಿನ ಇನ್ನೂ ಆಗಿಲ್ಲ ಎಂದುಕೊಂಡೆ. ಗೋಡೆಯ ಮೇಲೆ ಸುಣ್ಣದಲ್ಲಿ ಐವತ್ತೆರಡು ಗೆರೆ ಎಳೆದು, ಅಷ್ಟೂ ಅಳಿಸುವವರೆಗೆ ಶಾಲೆಯ ಮಾತು ಎತ್ತುವುದಿಲ್ಲ ಎಂದು ಎಲ್ಲರಿಗೂ ಹೇಳಿದೆ. ಭಾನುವಾರಗಳನ್ನು ಎಣಿಸಲಿಲ್ಲ. ಗಂಟೆ ಎತ್ತಿಟ್ಟೆ.

ಆಮೇಲೆ ವರ್ಷದ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿತು. ಐವತ್ತೆರಡು ದಿನದ ನಾಲ್ಕು ಸುತ್ತು, ನಡುವೆ ಬಿಡುವು. ಅತಿ ಕಷ್ಟದ ಪಾಠ ಮಳೆಗಾಲಕ್ಕೆ, ಹೇಗೂ ಅಂಗಳಕ್ಕೆ ಇಳಿಯುವಂತಿಲ್ಲ. ಜನವರಿಯ ರೋಬಸ್ಟಾ ಕೊಯ್ಲಿಗೆ ಪೂರ್ತಿ ರಜೆ. ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿವರೆಗೆ ವರ್ಷಕ್ಕೆ 200 ದಿನದ ಶಾಲೆ ಕೇಳುತ್ತದೆ. ನಮ್ಮದು 208. ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಬಂದ ಮೇಷ್ಟರಿಗೆ ಆ ದಿನಗಳನ್ನು ಬರೆದಿಟ್ಟ ರಿಜಿಸ್ಟರನ್ನೇ ತೋರಿಸಿದೆ. ಮಗಳಿಂದ ಒಂದು ಪುಟ ಓದಿಸಿ, ಕಾಫಿ ಕುಡಿದು ಹೋದರು.

ದಶಮಾಂಶ ಕಲಿಸಿದ್ದು ಮಳೆಮಾಪಕ. ತೋಟದಲ್ಲಿ ಮಳೆಯನ್ನು ಇಂಚು, ಸೆಂಟ್‌ಗಳಲ್ಲೇ ಹೇಳುವುದು, ನೂರು ಸೆಂಟಿಗೆ ಒಂದು ಇಂಚು. ಬೆಳಗ್ಗೆ ಅಳೆದು ಬರೆದು, ವಾರಕ್ಕೊಮ್ಮೆ ಕೂಡಿ, ಮಿಲಿಮೀಟರಿಗೆ ತಿರುಗಿಸಿದರೆ ಬೇರೆ ಪುಸ್ತಕವೇ ಬೇಡ. ಮಗ್ಗಿಗೆ ಒಣಗಿದ ಕರಿಮೆಣಸಿನ ಕಾಳು ಬಳಸಿದ ಬಗೆಯೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ಮಾತ್ರ ಕೂರಿಸಿ ತೋರಿಸುತ್ತೇನೆ.

ಮಗ ಎಂಟು ವರ್ಷ ದಾಟಿದರೂ ಓದಲಿಲ್ಲ. ಒತ್ತಕ್ಷರ ಬಂದರೆ ನಿಂತೇಬಿಡುತ್ತಿದ್ದ. ನಾನು ಪಾಠದ ಪುಸ್ತಕ ಮುಚ್ಚಿ, ಸತ್ಯವೇದದ ಜ್ಞಾನೋಕ್ತಿಗಳನ್ನು ತೆರೆದೆ. ಮೂವತ್ತೊಂದು ಅಧ್ಯಾಯ, ತಾರೀಖಿಗೊಂದು. ನಾನು ಒಂದು ವಚನ, ಅವನು ನನ್ನ ಹಿಂದೆಯೇ ಅದೇ ವಚನ, ಬೆರಳು ಅಕ್ಷರದ ಮೇಲೆ. ಐದು ತಿಂಗಳು ಏನೂ ಆಗಲಿಲ್ಲ. ಆಗಸ್ಟಿನ ಒಂದು ರಾತ್ರಿ ಕರೆಂಟಿಲ್ಲದಾಗ ಸೀಮೆಎಣ್ಣೆ ದೀಪ ಹತ್ತಿರ ಎಳೆದುಕೊಂಡು 23ನೇ ಕೀರ್ತನೆ ಗಟ್ಟಿಯಾಗಿ ಓದಿದ. ಅದು ಅವನಿಗೆ ಬಾಯಿಪಾಠ, ಹಾಗಾಗಿ ನಂಬಲಿಲ್ಲ. ಹಾಳೆ ತಿರುವಿ 121ನೆಯದನ್ನು ತೋರಿಸಿದೆ. "ಬೆಟ್ಟ" ಎಂಬಲ್ಲಿ ಬೆರಳು ನಿಂತಿತು, ಟಕಾರದ ಒತ್ತನ್ನು ಉಗುರಿನಿಂದ ಒಮ್ಮೆ ಮುಟ್ಟಿದ, ತುಟಿ ಅಲುಗಿತು, ಮುಂದಕ್ಕೆ ಹೋದ. ಯಜಮಾನರು ಊಟದ ತಟ್ಟೆಯ ಮುಂದೆಯೇ ಕಣ್ಣು ಮುಚ್ಚಿ ಸ್ತೋತ್ರ ಹೇಳಿದರು.

ಸತ್ಯವೇದದಲ್ಲಿ ಬರುವ ನೋಹನ ನಾವೆಯನ್ನೂ ಅಳೆದೆವು. ಮುನ್ನೂರು ಮೊಳ ಉದ್ದ. ಕಾಫಿ ಒಣಗಿಸುವ ಕಣ ಸಾಲದೆ ತೋಟದ ರಸ್ತೆಗೆ ಹೋದೆವು. ಅಪ್ಪನ ಮೊಳ ಹದಿನೆಂಟು ಇಂಚು, ಮಗನದು ಹದಿಮೂರು. ಒಂದು ನಾವೆ 450 ಅಡಿ ಬಂತು, ಇನ್ನೊಂದು 325. ಅಳತೆಗೋಲು ಯಾಕೆ ಬೇಕೆಂದು ನಾನು ಹೇಳಬೇಕಾಗಲಿಲ್ಲ. ಇನ್ನೊಂದು ಪ್ರಯೋಗ ಪತ್ರಿಕೆಯದು. 1843ರಲ್ಲಿ "ಮಂಗಳೂರ ಸಮಾಚಾರ" ಎಂಬ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಜರ್ಮನ್ ಮಿಷನರಿ ಮೋಗ್ಲಿಂಗ್ ಆಮೇಲೆ ಕೊಡಗಿಗೆ ಬಂದು ಸೇವೆ ಮಾಡಿದವರು ಎಂದು ಹೇಳಿದ್ದೇ ತಡ, ಮಗಳು "ತೋಟ ಸಮಾಚಾರ" ಎಂದು ವಾರಕ್ಕೊಂದು ಕೈಬರಹದ ಹಾಳೆ ಶುರು ಮಾಡಿದಳು. "ರಾತ್ರಿ ಆನೆ ಹಲಸಿನ ಮರ ಅಲುಗಿಸಿತು. ಮಳೆ ಎರಡು ಇಂಚು ಹತ್ತು ಸೆಂಟ್." ಇದು ಮೊದಲ ಸಂಚಿಕೆಯ ಮುಖಪುಟ. ಪ್ರಬಂಧ ಬರೆಯಿರೆಂದು ನಾನು ಮತ್ತೆಂದೂ ಹೇಳಲಿಲ್ಲ.

ಖರ್ಚು ಈಗ ಇಬ್ಬರಿಗೂ ಸೇರಿ ವರ್ಷಕ್ಕೆ ಹನ್ನೊಂದು, ಹನ್ನೆರಡು ಸಾವಿರ. ಎನ್‌ಐಒಎಸ್ ಶುಲ್ಕ ಎರಡು ಸಾವಿರದ ಆಸುಪಾಸು ಇತ್ತು. ಅಲ್ಲಿ ಪರೀಕ್ಷೆ ಬರೆಯಲು ಐದು ವರ್ಷದಲ್ಲಿ ಒಂಬತ್ತು ಅವಕಾಶ ಇವೆ ಎಂಬುದೇ ಮಗಳ ಹೆದರಿಕೆ ಅರ್ಧ ಇಳಿಸಿತು. ಮನೆಯಲ್ಲಿ ಬರೆದು ಒಪ್ಪಿಸುವ ನಿಯೋಜಿತ ಕೆಲಸಕ್ಕೆ 20 ಅಂಕ ಇದೆ, ಅದನ್ನು ಕೊನೆಯ ವಾರಕ್ಕೆ ಬಿಡಬೇಡಿ. ನಾವು ಬಿಟ್ಟು ಎರಡು ರಾತ್ರಿ ನಿದ್ದೆಗೆಟ್ಟೆವು.

ಮಗನ ಹೊಸ ಸುತ್ತು ಸೋಮವಾರ ಶುರು. ಸುಣ್ಣದ ಗೆರೆಗಳನ್ನು ಈ ಸಲ ಅತ್ತೆಯವರೇ ಎಳೆದಿದ್ದಾರೆ. ಎಣಿಸಿ ನೋಡಿದೆ, ಐವತ್ತಮೂರು ಇವೆ.