ಐಪಿ ಹಾಕಿದವನನ್ನು ಜನ ಕೇಳೋದು

ನಮ್ಮ ಕಡೆ ಸಾಲದಲ್ಲಿ ಮುಳುಗಿದವನನ್ನು 'ಪಾಪರ್ ಎದ್ದ' ಅಂತಾರೆ, ಕೋರ್ಟಿಗೆ ದಿವಾಳಿ ಅರ್ಜಿ ಕೊಟ್ಟರೆ 'ಐಪಿ ಹಾಕಿದ' ಅಂತಾರೆ. ಕೊಡಗಿನ ಸುಂಟಿಕೊಪ್ಪದಲ್ಲಿ ಕಾಫಿ, ಕರಿಮೆಣಸು ಕೊಳ್ಳುತ್ತಿದ್ದ ನಾನೂ ಹಾಗೆ ಎದ್ದವನೇ. ಕಿಲೋಗೆ 700ರ ಹತ್ತಿರ ಕೊಟ್ಟು ಕೊಂಡ ಮೆಣಸು 350ಕ್ಕೆ ಇಳಿಯಿತು. ಏರುತ್ತೆ ಅಂತ ಗೋಡೌನಿನಲ್ಲಿ ಇಟ್ಟುಕೊಂಡು ಕೂತದ್ದು ನನ್ನದೇ ತಪ್ಪು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲಂತೂ ನನಗೆ ಬಾಕಿ ಕೊಡಬೇಕಾದವರೇ ತೋಟ ಕಳೆದುಕೊಂಡು ನಿಂತಿದ್ದರು. ಅವರನ್ನು ಯಾವ ಬಾಯಲ್ಲಿ ಕೇಳೋದು?

"ನಿಮ್ಮನ್ನ ಜೈಲಿಗೆ ಹಾಕ್ತಾರಾ?" ಮನೆಯವಳು ಮೊದಲು ಕೇಳಿದ್ದು ಇದನ್ನೇ. ಕೈಲಾಗದೆ ನಿಂತವನನ್ನು ಅದೊಂದಕ್ಕೇ ಹಾಕಲ್ಲ. ಆಸ್ತಿ ಬಚ್ಚಿಟ್ಟರೆ, ಸುಳ್ಳು ಲೆಕ್ಕ ಕೊಟ್ಟರೆ ಹಾಕಬಹುದು. ಚೆಕ್ ಬೌನ್ಸ್ ಕೇಸಿನ ದಾರಿ ಮಾತ್ರ ಬೇರೆ.

2016ರ ದಿವಾಳಿ ಕಾಯ್ದೆ ನಮ್ಮಂಥವರಿಗೆ ಇನ್ನೂ ಅನ್ವಯಿಸಲ್ಲ. ನಡೆಯೋದು 1920ರ ಕಾಯ್ದೆ. ಸಾಲ 500 ರೂಪಾಯಿ ಇದ್ದರೂ ಅರ್ಜಿ ಹಾಕಬಹುದು ಅಂತ ಅದರಲ್ಲಿದೆ. ಇವತ್ತು ಒಂದು ಕಿಲೋ ಮೆಣಸಿಗೇ ಅದಕ್ಕಿಂತ ಜಾಸ್ತಿ!

ಮಡಿಕೇರಿಯ ವಕೀಲರು ಕೇಳಿದ್ದು ಲೆಕ್ಕದ ಪುಸ್ತಕ. ನನ್ನ ಹತ್ತಿರ ಇದ್ದದ್ದು ಗೋಣಿದಾರದಲ್ಲಿ ಕಟ್ಟಿಟ್ಟ ತೂಕದ ಚೀಟಿಗಳು. ಅರ್ಧ ಚೀಟಿಗಳಲ್ಲಿ ಮಳೆಗೆ ಶಾಯಿ ಇಳಿದಿತ್ತು. ಹನ್ನೊಂದು ದಿನ ಚಾಪೆ ಮೇಲೆ ಹರಡಿಕೊಂಡು ಕೂತೆ. ಯಾರಿಗೆ ಎಷ್ಟು, ಯಾರಿಂದ ಎಷ್ಟು, ಹೆಂಡತಿಯ ಅಕ್ಕನಿಂದ ತಂದ ಎಂಟು ಸಾವಿರವೂ ಸೇರಿ ಎಲ್ಲ ಬರೆದೆ. ನಿಜವಾದ ಕೆಲಸ ಅಂದ್ರೆ ಇದೇ.

ಕುಶಾಲನಗರದಲ್ಲಿ ಒಂದು ಸೈಟಿತ್ತು. "ಹೆಂಡತಿ ಹೆಸರಿಗೆ ಬರೆದುಬಿಡು" ಅಂದವರೆಷ್ಟು ಜನ! ವಕೀಲರು ಬೈದೇಬಿಟ್ಟರು. ದಿವಾಳಿ ಅಂತ ಘೋಷಣೆ ಆದರೆ, ಅದರ ಅರ್ಜಿ ಹಾಕುವ ಹಿಂದಿನ ಎರಡು ವರ್ಷದೊಳಗೆ ಹಾಗೆ ದಾನ ಬರೆದದ್ದನ್ನು ಕೋರ್ಟ್ ರದ್ದು ಮಾಡಬಹುದು. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಬೇಕಾದವರೊಬ್ಬರಿಗೆ ಮಾತ್ರ ಬೇಕಂತಲೇ ತೀರಿಸಿದ್ದೂ ನಿಲ್ಲಲ್ಲ. ಸೈಟು ಕೋರ್ಟ್ ನೇಮಿಸಿದ ರಿಸೀವರ್ ಕೈಗೆ ಹೋಗಿ ಮಾರಾಟವಾಯಿತು. ಅಡುಗೆ ಪಾತ್ರೆ, ಹಾಸಿಗೆ, ಉಟ್ಟ ಬಟ್ಟೆ ಮುಟ್ಟುವ ಹಾಗಿಲ್ಲ. ಕೃಷಿಕನಾದರೆ ವಾಸದ ಮನೆಗೂ ರಕ್ಷಣೆ ಇದೆ. ನಾನು ವ್ಯಾಪಾರಿ, ಅದೂ ಬಾಡಿಗೆ ಮನೆಯವನು. ಬ್ಯಾಂಕಿನಲ್ಲಿ ಅಡವಿಟ್ಟ ಚಿನ್ನದ ಮೇಲೆ ಬ್ಯಾಂಕಿನ ಹಕ್ಕು ಹಾಗೇ ಉಳಿಯಿತು.

ಇನ್ನೊಂದು ತಮಾಷೆ. ಡಿಸ್ಚಾರ್ಜ್, ಅಂದ್ರೆ ಸಾಲದಿಂದ ಕೋರ್ಟ್ ಕೊಡುವ ಬಿಡುಗಡೆ, ಸಿಗುವ ತನಕ 50 ರೂಪಾಯಿ ಅಥವಾ ಜಾಸ್ತಿ ಸಾಲ ತಗೊಳ್ಳುವಾಗ 'ನಾನು ದಿವಾಳಿ' ಅಂತ ಹೇಳಲೇಬೇಕು, ಇಲ್ಲದಿದ್ದರೆ ಅಪರಾಧ. ದಿನಸಿ ಅಂಗಡಿಯಲ್ಲಿ ಹೇಳಿದೆ. "ಊರಿಗೇ ಗೊತ್ತಲ್ವಾ, ತಗೊಂಡ್ ಹೋಗಿ" ಅಂದರು.

ಡಿಸ್ಚಾರ್ಜ್ ಅಷ್ಟು ಸುಲಭ ಅಲ್ಲ. ಆಸ್ತಿಯಿಂದ ಸಾಲದ ಒಂದು ರೂಪಾಯಿಗೆ ಎಂಟಾಣೆ ಹುಟ್ಟದಿದ್ದರೆ, ಅದು ನನ್ನ ತಪ್ಪಿನಿಂದ ಆದದ್ದಲ್ಲ ಅಂತ ಒಪ್ಪಿಸಬೇಕು. ಮೆಣಸಿನ ದರ, ಆ ವರ್ಷದ ಮಳೆ ಎರಡನ್ನೂ ತೋರಿಸಿದೆವು. ಕೊನೆಗೂ ಸಿಕ್ಕಿತು.

ಆದರೆ ಡಿಸ್ಚಾರ್ಜ್ ಆದರೂ ಜಾಮೀನುದಾರ ಬಿಡುಗಡೆ ಆಗಲ್ಲ. ಇದನ್ನು ನಾನು ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ. ನನ್ನ ಒಂದು ಸಾಲಕ್ಕೆ ಭಾವ ಸಹಿ ಹಾಕಿದ್ದರು. ನೋಟಿಸ್ ಅವರ ಮನೆಗೇ ಹೋಯಿತು. ಈಗ ಬೇರೆಯವರ ಮೆಣಸಿನ ಕಣದಲ್ಲಿ ತೂಕ ಹಾಕಿ ಬಂದ ಸಂಬಳದಲ್ಲಿ ತಿಂಗಳಿಗೆ ಮೂರು ಸಾವಿರ ಭಾವನ ಕೈಗೆ ಕೊಡ್ತೀನಿ. ಅವರು ಎಣಿಸದೆ ಜೇಬಿಗೆ ಹಾಕ್ಕೊಳ್ತಾರೆ.